ರೋಮ್‌ನಲ್ಲಿ ಮೊದಲ ದಿನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗುಂಪು ಪ್ರವಾಸಕ್ಕೆ ಸೇರದೆ, ಟಿಕೆಟು ಹೋಟೆಲು ಎಲ್ಲ ತಾವೇ ಗೊತ್ತುಮಾಡಿಕೊಂಡು, ಗಂಡ ಹೆಂಡತಿ ಇಬ್ಬರೇ ಯುರೋಪಿಗೆ ಹೊರಟವರವು. ಮೊದಲು ಇಳಿಯುವ ಊರು ರೋಮ್. ಕೇಳಿರುವುದೆಲ್ಲ ಇಳಿದ ದಿನದ ಬಗ್ಗೆಯೇ ಆದ್ದರಿಂದ ಅಂಕಣ ಪೂರ್ತಿ ಅದಕ್ಕೇ ಇಟ್ಟಿದ್ದೇವೆ. ಇಲ್ಲಿ ಕೊಟ್ಟ ದರಗಳು ಏರುವುದುಂಟು. ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ನಾವಿಬ್ಬರೂ ನಿವೃತ್ತರು. ಜೂನ್‌ನಲ್ಲಿ ಮಧ್ಯಾಹ್ನ 1 ಗಂಟೆಗೆ ರೋಮ್‌ನಲ್ಲಿ ಇಳಿಯುತ್ತೇವೆ. ಅಲ್ಲಿರುವುದು ನಾಲ್ಕೇ ದಿನ. ಅದೇ ಸಂಜೆ 4 ಗಂಟೆಗೆ ಕೊಲೋಸಿಯಂ ಟಿಕೆಟ್ ತೆಗೆದಿಟ್ಟರೆ ಒಂದು ದಿನ ಉಳಿಯುವುದಿಲ್ಲವೇ?
— ಮಂಜೇಶ್ವರದ ಓದುಗರು

ಉತ್ತರ: ದಯವಿಟ್ಟು ತೆಗೆಯಬೇಡಿ. 1 ಗಂಟೆ ಅಂದರೆ ವಿಮಾನ ನೆಲ ಮುಟ್ಟುವ ಹೊತ್ತು. ಅದು ನಿಂತು, ಬಾಗಿಲು ತೆರೆದು, ನೀವು ಕಟ್ಟಡದೊಳಗೆ ನಡೆದು ಬರುವಾಗ 1.25 ಆಗಿರುತ್ತದೆ. ಆಮೇಲೆ ಪಾಸ್‌ಪೋರ್ಟ್ ಸಾಲು. 2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಗಳಲ್ಲಿ ಮೊಹರು ಒತ್ತುವ ಬದಲು ಮುಖದ ಚಿತ್ರ, ಬೆರಳಚ್ಚುಗಳನ್ನು ಕಂಪ್ಯೂಟರಿಗೆ ಸೇರಿಸುವ ಪದ್ಧತಿ ಹಂತಹಂತವಾಗಿ ಬಂದಿದೆ. ಮೊದಲ ಸಲ ಬಂದವರ ದಾಖಲೆಯನ್ನು ಹೊಸದಾಗಿ ಮಾಡಬೇಕಾಗುವುದರಿಂದ ಸಾಲು ನಿಧಾನ. ಮುಕ್ಕಾಲು ಗಂಟೆ ಎಂದುಕೊಂಡರೂ ಒಂದೂವರೆ ಗಂಟೆಗೆ ತಯಾರಿರಿ. ಪೆಟ್ಟಿಗೆ ಬಂದು, ಶೌಚಾಲಯಕ್ಕೆ ಹೋಗಿ, ಹೊರಗೆ ಕಾಲಿಡುವಾಗ 3. ಅಲ್ಲಿಂದ ಊರಿನ ನಡುವಿಗೆ ಸುಮಾರು 30 ಕಿ.ಮೀ. ಹೋಟೆಲಿನ ಕೋಣೆಯೊಳಗೆ ಕೂರುವಾಗ ನಾಲ್ಕೂಕಾಲು. ಎಲ್ಲವೂ ಸರಿಯಾಗಿ ನಡೆದರೆ ಮಾತ್ರ ಈ ಲೆಕ್ಕ. ವಿಮಾನ ಒಂದು ಗಂಟೆ ತಡವಾದರೆ ಇದೂ ಇಲ್ಲ.

ಕೊಲೋಸಿಯಂ ಟಿಕೆಟಿನಲ್ಲಿ ನಿಮ್ಮ ಹೆಸರೂ ಒಳಹೋಗುವ ಹೊತ್ತೂ ಅಚ್ಚಾಗಿರುತ್ತವೆ. ಹೊತ್ತು ಮೀರಿದರೆ ಟಿಕೆಟ್ ವ್ಯರ್ಥ, ಹಣ ಮರಳಿ ಬರುವುದಿಲ್ಲ. ಸಾಮಾನ್ಯ ಟಿಕೆಟಿಗೆ ಒಬ್ಬರಿಗೆ 18 ಯೂರೊ. ಅದರಲ್ಲೇ ಪಕ್ಕದ ರೋಮನ್ ಫೋರಂ, ಪ್ಯಾಲಟೈನ್ ಗುಡ್ಡವೂ ಸೇರಿವೆ. ಮೂರನ್ನೂ ನೋಡಲು ಮೂರು ಗಂಟೆಗೆ ಕಡಿಮೆಯಿಲ್ಲ. ಬಿಸಿಲು, ಕಡಿದಾದ ಮೆಟ್ಟಿಲು, ಏರುತಗ್ಗಿನ ಕಲ್ಲುಹಾದಿ ಎಲ್ಲ ಉಂಟು. ಅಧಿಕೃತ ಜಾಲತಾಣದಲ್ಲಿ ಟಿಕೆಟ್ ಮಾರಾಟ 30 ದಿನ ಮೊದಲು ತೆರೆಯುತ್ತದೆ. ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟು ಎರಡನೆಯ ಅಥವಾ ಮೂರನೆಯ ದಿನದ ಬೆಳಗಿನ ಹೊತ್ತನ್ನು ಹಿಡಿಯಿರಿ. ಒಳಹೋಗುವಾಗ ಹೆಸರು ತಾಳೆ ನೋಡುತ್ತಾರೆ, ಹಾಗಾಗಿ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಹೆಸರು ತುಂಬಿ.

ಇನ್ನು ಮೈಯ ಮಾತು. ಜೂನ್‌ನಲ್ಲಿ ಇಟಲಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ. ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದ ತನಕ ನಾಲ್ಕೂವರೆ ಗಂಟೆ. ಅಲ್ಲಿ ಸಂಜೆ ಏಳಾಗುವಾಗ ನಿಮ್ಮ ಮೈಗೆ ರಾತ್ರಿ ಹತ್ತೂವರೆ, ಅದೂ ಹಿಂದಿನ ರಾತ್ರಿ ನಿದ್ದೆಗೆಟ್ಟ ಮೈಗೆ. ಟಿಕೆಟಿನ ಹೊತ್ತಿಗೆ ಕಟ್ಟುಬಿದ್ದ ಯಾವುದನ್ನೂ ಆ ದಿನಕ್ಕೆ ಇಡಬಾರದು ಎಂಬುದೇ ನಮ್ಮ ಗಟ್ಟಿ ಅಭಿಪ್ರಾಯ. ಮಲಗಲೇಬೇಕು ಅನ್ನಿಸಿದರೆ ಅಲಾರಂ ಇಟ್ಟು 20 ನಿಮಿಷ ಮಾತ್ರ. ಎರಡು ಗಂಟೆ ಮಲಗಿದಿರೋ, ರಾತ್ರಿ 1ಕ್ಕೆ ಕಣ್ಣು ಬಿಟ್ಟುಕೊಂಡು ಕೂರಬೇಕಾಗುತ್ತದೆ, ಮರುದಿನವೂ ಹಾಳು. ಸ್ನಾನ ಮಾಡಿ, ಬಟ್ಟೆ ಬದಲಿಸಿ ಹೊರಗೆ ಬನ್ನಿ. ಸಂಜೆಯ ಬೆಳಕು ಕಣ್ಣಿಗೆ ಬೀಳುತ್ತಿದ್ದರೆ ಮೈಯ ಗಡಿಯಾರ ಬೇಗ ಅಲ್ಲಿಯ ಹೊತ್ತಿಗೆ ಹೊಂದುತ್ತದೆ. ಜೂನ್ ಕೊನೆಯಲ್ಲಿ ರೋಮ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ 8.45ರ ಸುಮಾರಿಗೆ, ಅದು ನಿಮಗೆ ಅನುಕೂಲವೇ. ಒಂಬತ್ತೂವರೆಯ ತನಕ ಎಚ್ಚರ ಇದ್ದರೆ ಸಾಕು.

ಪ್ರಶ್ನೆ: ಮಂಗಳೂರಿನಿಂದ ದುಬೈಗೆ ಒಂದು ಟಿಕೆಟ್, ದುಬೈಯಿಂದ ರೋಮ್‌ಗೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್ ತೆಗೆದರೆ ಬಹಳ ಅಗ್ಗ ಆಗುತ್ತದೆ. ಹೀಗೆ ಮಾಡಬಹುದೇ?
— ಉಪ್ಪಳದ ಓದುಗರು

ಉತ್ತರ: ಮಾಡಬಹುದು, ಆದರೆ ಅಗ್ಗ ಯಾಕೆ ಎಂದು ತಿಳಿದು ಮಾಡಿ. ಎರಡು ಬೇರೆ ಬೇರೆ ಟಿಕೆಟಾದರೆ ಮಂಗಳೂರಿನಲ್ಲಿ ಕೊಟ್ಟ ಪೆಟ್ಟಿಗೆ ಸಾಮಾನ್ಯವಾಗಿ ದುಬೈ ತನಕವೇ ಹೋಗುತ್ತದೆ. ಅದನ್ನು ತೆಗೆದುಕೊಳ್ಳಬೇಕಾದರೆ ನೀವು ಅಲ್ಲಿಯ ಇಮಿಗ್ರೇಶನ್ ದಾಟಿ ಹೊರಗೆ ಬರಬೇಕು. ಹೊರಗೆ ಬರಬೇಕಾದರೆ ಆ ದೇಶದ ವೀಸಾ ನಿಯಮ ನಿಮಗೆ ತಾಗುತ್ತದೆ. ಕೈಯಲ್ಲಿ ಇಟಲಿಯ ವೀಸಾ ಇದ್ದ ಮಾತ್ರಕ್ಕೆ ಸಾಲದು. ಇನ್ನೊಂದು, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಕಂಪನಿಗೆ ಯಾವ ಹೊಣೆಯೂ ಇಲ್ಲ. ನೀವು ಬರಲಿಲ್ಲ ಎಂದಷ್ಟೇ ಅವರ ಲೆಕ್ಕ. ಮಳೆಗಾಲದಲ್ಲಿ ಮಂಗಳೂರಿನ ವಿಮಾನಗಳು ತಡವಾಗುವುದು ನಿಮಗೆ ಹೊಸತಲ್ಲ.

ಒಂದೇ ಬುಕಿಂಗ್ ಸಂಖ್ಯೆಯಲ್ಲಿ ಕೊನೆಯ ತನಕದ ಟಿಕೆಟ್ ತೆಗೆಯಿರಿ. ಕೌಂಟರಿನಲ್ಲಿ ಪೆಟ್ಟಿಗೆಗೆ ಅಂಟಿಸುವ ಚೀಟಿಯಲ್ಲಿ ಎಫ್‌ಸಿಒ ಎಂಬ ಮೂರಕ್ಷರ ಇದೆಯೇ ನೋಡಿ. ಅದು ರೋಮ್‌ನ ಫ್ಯುಮಿಚಿನೊ ವಿಮಾನ ನಿಲ್ದಾಣದ ಗುರುತು. ಮತ್ತೆ, ಇಬ್ಬರ ಬಟ್ಟೆಯನ್ನೂ ಎರಡೂ ಪೆಟ್ಟಿಗೆಗಳಿಗೆ ಹಂಚಿ ಹಾಕಿ. ಗಂಡನದು ಒಂದು, ಹೆಂಡತಿಯದು ಒಂದು ಎಂದು ಬೇರೆ ಮಾಡಿದರೆ, ಒಂದು ಪೆಟ್ಟಿಗೆ ಬಾರದಿದ್ದಾಗ ಒಬ್ಬರಿಗೆ ಉಡಲು ಏನೂ ಇರುವುದಿಲ್ಲ.

ಪ್ರಶ್ನೆ: ಏರ್‌ಪೋರ್ಟಿನಿಂದ ಹೋಟೆಲಿಗೆ ರೈಲೋ ಟ್ಯಾಕ್ಸಿಯೋ? ಎರಡು ದೊಡ್ಡ ಸೂಟ್‌ಕೇಸ್ ಇವೆ.
— ಹೊಸೂರಿನ ಓದುಗರು

ಉತ್ತರ: ಅದು ಹೋಟೆಲ್ ಎಲ್ಲಿದೆ ಎಂಬುದರ ಮೇಲೆ. ಟೆರ್ಮಿನಿ ರೈಲು ನಿಲ್ದಾಣದಿಂದ ಐದಾರು ನಿಮಿಷದ ನಡಿಗೆಯೊಳಗೆ ಇದ್ದರೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು ಸರಿ. ನಡುವೆ ಎಲ್ಲೂ ನಿಲ್ಲದೆ 32 ನಿಮಿಷದಲ್ಲಿ ಟೆರ್ಮಿನಿ ತಲುಪಿಸುತ್ತದೆ, ಒಬ್ಬರಿಗೆ 14 ಯೂರೊ. ಅದೇ ವಿಮಾನ ನಿಲ್ದಾಣದಿಂದ ಎಫ್‌ಎಲ್ 1 ಎಂಬ ಇನ್ನೊಂದು ರೈಲು ಹೊರಡುತ್ತದೆ, 8 ಯೂರೊ. ಅಗ್ಗ ಎಂದು ಅದಕ್ಕೆ ಹತ್ತಿದವರು ಟೆರ್ಮಿನಿಗಾಗಿ ಕಾಯುತ್ತಲೇ ಇರುತ್ತಾರೆ; ಅದು ಟೆರ್ಮಿನಿಗೆ ಹೋಗುವುದೇ ಇಲ್ಲ. ಟ್ರಾಸ್ಟೆವೆರೆ, ಓಸ್ಟಿಯೆನ್ಸೆ, ಟಿಬುರ್ಟಿನಾ ಕಡೆ ಕೋಣೆ ಹಿಡಿದವರಿಗೆ ಮಾತ್ರ ಅದು ಒಳ್ಳೆಯದು.

ಕಾಗದದ ಟಿಕೆಟ್ ತೆಗೆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನಲ್ಲಿರುವ ಸಣ್ಣ ಯಂತ್ರದ ಸೀಳಿಗೆ ತೂರಿಸಿ ದಿನಾಂಕ, ಹೊತ್ತು ಒತ್ತಿಸಿಕೊಳ್ಳಬೇಕು. ಒತ್ತಿಸದ ಟಿಕೆಟ್ ಕೈಯಲ್ಲಿದ್ದರೂ ಟಿಕೆಟ್ ಇಲ್ಲದ ಹಾಗೆಯೇ ಲೆಕ್ಕ, ದಂಡ ಬೀಳುತ್ತದೆ. ನಮ್ಮ ಕಡೆ ಇಂಥ ಪದ್ಧತಿ ಇಲ್ಲದಿರುವುದರಿಂದ ಮೊದಲ ದಿನ ಸಿಕ್ಕಿಬೀಳುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಟಿಕೆಟ್ ಯಂತ್ರದ ಬಳಿ "ನಾನು ಸಹಾಯ ಮಾಡುತ್ತೇನೆ" ಎಂದು ಬರುವವರನ್ನು ಹತ್ತಿರ ಸೇರಿಸಬೇಡಿ.

ಹೋಟೆಲ್ ಊರ ನಡುವೆ, ಪ್ಯಾಂಥಿಯನ್ ಎಂಬ ಹಳೆಯ ರೋಮನ್ ಗುಡಿ, ನವೋನಾ ಎಂಬ ಚೌಕದ ಕಡೆ ಇದ್ದರೆ ಟ್ಯಾಕ್ಸಿಯನ್ನೇ ಹಿಡಿಯಿರಿ. ಊರ ಸುತ್ತಲಿನ ಹಳೆಯ ಆರೇಲಿಯನ್ ಕೋಟೆಗೋಡೆಯ ಒಳಗಿನ ಯಾವ ವಿಳಾಸಕ್ಕಾದರೂ ನಗರಾಡಳಿತ ನಿಗದಿ ಮಾಡಿದ ದರ 55 ಯೂರೊ. ಅದು ತಲೆಗೆ ಇಷ್ಟು ಎಂದಲ್ಲ, ಇಡೀ ಕಾರಿಗೆ, ಪೆಟ್ಟಿಗೆಗಳೂ ಸೇರಿ. ಇಬ್ಬರ ರೈಲಿಗೆ 28 ಯೂರೊ ಕೊಟ್ಟು ಮತ್ತೆ ಟೆರ್ಮಿನಿಯಿಂದ ಬಸ್ಸು ಹುಡುಕುವುದಕ್ಕಿಂತ ಇದು ವಾಸಿ. ಬಿಳಿ ಬಣ್ಣದ, ತಲೆಯ ಮೇಲೆ ಟ್ಯಾಕ್ಸಿ ಫಲಕ ಇರುವ, ಹೊರಗಿನ ಸಾಲಿನಲ್ಲಿ ನಿಂತ ಕಾರನ್ನೇ ಹತ್ತಿ. ಒಳಗಿನ ಹಾಲ್‌ನಲ್ಲಿ ಬಂದು ಕರೆಯುವವರು ಆ ಸಾಲಿನವರಲ್ಲ. ಹತ್ತುವ ಮೊದಲೇ "ತಾರಿಫ್ಫಾ ಫಿಸ್ಸಾ" ಎನ್ನಿ. ನಿಗದಿ ದರ ಎಂದರ್ಥ.

ಸೂಟ್‌ಕೇಸಿನ ಬಗ್ಗೆ ಒಂದು ಮಾತು. ರೋಮ್‌ನ ಹಳೆಯ ಬೀದಿಗಳಿಗೆ ಹಾಸಿರುವುದು ಸಾಂಪಿಯೆತ್ರಿನಿ ಎಂಬ ಕಪ್ಪು ಬಸಾಲ್ಟ್ ಕಲ್ಲಿನ ತುಂಡುಗಳು. ತುಂಡಿನಿಂದ ತುಂಡಿಗೆ ಬೆರಳು ತೂರುವಷ್ಟು ಸಂದು, ಮೇಲ್ಮೈ ಉಬ್ಬು. ಅಗ್ಗದ ಸೂಟ್‌ಕೇಸಿನ ಸಣ್ಣ ಪ್ಲಾಸ್ಟಿಕ್ ಚಕ್ರ ಆ ಸಂದಿಗೆ ಸಿಕ್ಕಿ ಅಚ್ಚಿನಿಂದ ಕಿತ್ತುಬರುತ್ತದೆ. ರಬ್ಬರ್ ಹೊದಿಕೆಯ ದೊಡ್ಡ ಚಕ್ರ ಇರಲಿ, ಇಲ್ಲವಾದರೆ ಪೆಟ್ಟಿಗೆಯನ್ನು ಓರೆ ಮಾಡಿ ಎರಡೇ ಚಕ್ರದ ಮೇಲೆ ಎಳೆಯಿರಿ. ಅದೇ ಕಲ್ಲಿನ ಕಾರಣಕ್ಕೆ ಹವಾಯಿ ಚಪ್ಪಲಿ, ಹಿಮ್ಮಡಿ ಎತ್ತರದ ಚಪ್ಪಲಿ ಎರಡೂ ಬೇಡ. ಮಳೆ ಬಿದ್ದರೆ ಆ ಕಲ್ಲು ಬಹಳ ಜಾರುತ್ತದೆ.

ಪ್ರಶ್ನೆ: ನಾವು ಗಂಡ ಹೆಂಡ್ತಿ ಇಬ್ರೂ ಪಕ್ಕಾ ಶಾಕಾಹಾರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಡೀತಾವ, ತತ್ತಿ ಸೈತ ನಡ್ಯಾಂಗಿಲ್ಲ. ಇಟಲಿಯೊಳಗ ಪಿಜ್ಜಾ ಬಿಟ್ರ ಏನ ತಿನ್ನೂದು? ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದ್ರ ಏರ್‌ಪೋರ್ಟಿನ್ಯಾಗ ಕಸ್ಕೋತಾರೇನು?
— ಅಕ್ಕಲಕೋಟೆಯ ಓದುಗರು

ಉತ್ತರ: ಖಡಕ್ ರೊಟ್ಟಿ, ಶೇಂಗಾ ಹಿಂಡಿ ಧಾರಾಳ ಒಯ್ಯಿರಿ. ಯುರೋಪಿನ ನಿಯಮ ಹೊರಗಿನ ದೇಶಗಳಿಂದ ಬರುವವರು ಮಾಂಸ ಮತ್ತು ಹಾಲಿನ ಪದಾರ್ಥ ತರಬಾರದು ಎನ್ನುತ್ತದೆ. ಅಂದರೆ ತುಪ್ಪ, ಪೇಡೆ, ಖೋವಾ, ಪನೀರ್ ಮನೆಯಲ್ಲೇ ಇರಲಿ. ಜೋಳದ ರೊಟ್ಟಿಗೂ ಶೇಂಗಾಕ್ಕೂ ಅದು ತಾಗದು. ಹಸಿ ಹಣ್ಣು ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಆ ಪತ್ರ ಬೇಡವೆಂದಿರುವುದು ಐದಕ್ಕೇ: ಬಾಳೆ, ತೆಂಗಿನಕಾಯಿ, ಅನಾನಸು, ಖರ್ಜೂರ, ಡುರಿಯನ್. ಮಾವಿನಹಣ್ಣು, ಹಸಿಮೆಣಸು, ಕರಿಬೇವಿನ ಎಲೆ ಆ ಪಟ್ಟಿಯಲ್ಲಿಲ್ಲ, ಬಿಟ್ಟುಬಿಡಿ. ಕಾಸರಗೋಡಿನ ಕಡೆಯವರಿಗೆ: ಹಲಸಿನ ಹಪ್ಪಳ, ಅವಲಕ್ಕಿ, ಮಿಡಿ ಉಪ್ಪಿನಕಾಯಿ ಸರಿ. ಇಡೀ ಕೊಬ್ಬರಿ ಮಾತ್ರ ಬೇಡ. ಎಣ್ಣೆಯಂಶ ಹೆಚ್ಚಾಗಿ ಬೇಗ ಬೆಂಕಿ ಹಿಡಿಯುತ್ತದೆಂದು ನಮ್ಮ ವಿಮಾನ ನಿಲ್ದಾಣಗಳಲ್ಲೇ ಅದನ್ನು ತಡೆಯುತ್ತಾರೆ. ಉಪ್ಪಿನಕಾಯಿ ಕೈಚೀಲದಲ್ಲಿದ್ದರೆ ದ್ರವದ ಲೆಕ್ಕಕ್ಕೆ ಬಂದು 100 ಮಿ.ಲೀ.ಗೆ ಮಿಕ್ಕಿದ್ದು ಹೋಗುತ್ತದೆ. ದೊಡ್ಡ ಪೆಟ್ಟಿಗೆಯಲ್ಲಿ, ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ ಇಡಿ. ಖಡಕ್ ರೊಟ್ಟಿಗಳನ್ನು ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಜೋಡಿಸಿದರೆ ಮುರಿಯುವುದಿಲ್ಲ.

ಈಗ ಅಲ್ಲಿಯ ಊಟ. ಮೊದಲು ತಿಳಿಯಬೇಕಾದದ್ದು ಪಾಸ್ತಾದಲ್ಲಿ ಎರಡು ಬಗೆ ಎಂಬುದು. ಸ್ಪಗೆಟ್ಟಿ, ಪೆನ್ನೆಯಂಥ ಒಣ ಪಾಸ್ತಾ ಗೋಧಿ ರವೆ ಮತ್ತು ನೀರಿನಿಂದ ಆದದ್ದು. ಫೆತ್ತುಚೀನೆಯಂಥ ಹಸಿ ಪಾಸ್ತಾದ ಹಿಟ್ಟನ್ನು ತತ್ತಿ ಹಾಕಿಯೇ ಕಲಸುತ್ತಾರೆ. ನೀವು ಒಣ ಪಾಸ್ತಾವನ್ನೇ ಕೇಳಿ. "ಪೆನ್ನೆ ಅಲ್ಲಾರಬ್ಯಾತಾ" ಎಂದರೆ ಟೊಮೆಟೊ, ಬಳ್ಳೊಳ್ಳಿ, ಒಣಮೆಣಸು. ನಮ್ಮ ನಾಲಗೆಗೆ ಬೇಗ ಹಿಡಿಸುವ ಖಾರ ಅದರದು. "ಸ್ಪಗೆಟ್ಟಿ ಆಲ್ಯೊ ಓಲ್ಯೊ ಎ ಪೆಪೆರೊಂಚೀನೊ" ಇನ್ನೂ ಸರಳ: ಬಳ್ಳೊಳ್ಳಿ, ಆಲಿವ್ ಎಣ್ಣೆ, ಮೆಣಸು, ಅಷ್ಟೇ. ಎರಡನ್ನೂ ರೋಮ್‌ನ ಯಾವ ಅಡುಗೆಮನೆಯಲ್ಲಾದರೂ ಕಾಲು ಗಂಟೆಯೊಳಗೆ ಮಾಡಿಕೊಡುತ್ತಾರೆ.

ರೋಮ್‌ನ ಹೆಸರುವಾಸಿ ಪಾಸ್ತಾಗಳಲ್ಲಿ ಕಾರ್ಬೊನಾರಾಕ್ಕೆ ತತ್ತಿಯೂ ಹಂದಿಯ ಕೆನ್ನೆಯ ಮಾಂಸವೂ, ಅಮಾತ್ರಿಚಾನಾಕ್ಕೆ ಅದೇ ಮಾಂಸವೂ ಬೀಳುತ್ತವೆ. ಕಾಚೊ ಎ ಪೆಪೆ ನೋಡಲು ಬರೀ ಚೀಸ್, ಕರಿಮೆಣಸು. ಆದರೆ ಅದರ ಪೆಕೊರೀನೊ ರೊಮಾನೊ ಚೀಸನ್ನು ಹೆಪ್ಪುಗಟ್ಟಿಸುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನ್ನೆಟ್‌ನಿಂದ. ಪಾರ್ಮಿಜಾನೊ ಚೀಸಿಗೆ ಕರುವಿನದು. ಪೆಸ್ತೊ ಚಟ್ನಿಯಲ್ಲೂ ಈ ಚೀಸ್ ಇರುತ್ತದೆ. ಇದನ್ನು ಯಾರೂ ಮೆನುವಿನಲ್ಲಿ ಬರೆಯುವುದಿಲ್ಲ, ಕೇಳಿದರೂ "ಸಸ್ಯಾಹಾರವೇ" ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ, ಏಕೆಂದರೆ ಅಲ್ಲಿಯ ಲೆಕ್ಕದಲ್ಲಿ ಚೀಸ್ ಸಸ್ಯಾಹಾರ. ಇದು ನಿಮಗೆ ನಡೆಯುವುದೋ ಇಲ್ಲವೋ ಎಂದು ಮನೆಯಲ್ಲೇ ಇಬ್ಬರೂ ಮಾತಾಡಿಕೊಂಡು ಹೊರಡಿ. ನಡೆಯದಿದ್ದರೆ ಮೇಲಿನ ಎರಡು ಪಾಸ್ತಾಗಳಿಗೂ "ಸೆಂತ್ಸಾ ಫೊರ್ಮಾಜೊ" ಎನ್ನಿ, ಮೇಲೆ ಚೀಸ್ ಉದುರಿಸುವುದಿಲ್ಲ.

ಪಿಜ್ಜಾದಲ್ಲಿ ಮರಿನಾರಾ ಎಂಬುದನ್ನು ಹೆಸರು ಕೇಳಿ ಮೀನಿನದೆಂದು ಬಿಡಬೇಡಿ. ಅದರ ಮೇಲೆ ಟೊಮೆಟೊ, ಬಳ್ಳೊಳ್ಳಿ, ಒರೆಗಾನೊ, ಎಣ್ಣೆ ಮಾತ್ರ, ಚೀಸೂ ಇಲ್ಲ. ಬೀದಿಬದಿಯ "ಪಿಜ್ಜಾ ಅಲ್ ತಾಲ್ಯೊ" ಅಂಗಡಿಯಲ್ಲಿ ಉದ್ದದ ತಟ್ಟೆಯಿಂದ ಕತ್ತರಿಸಿ ತೂಕಕ್ಕೆ ಕೊಡುತ್ತಾರೆ. ದರ ಫಲಕದಲ್ಲಿ "ಎತ್ತೊ" ಎಂದಿದ್ದರೆ 100 ಗ್ರಾಂ. ಇಬ್ಬರಿಗೆ 400 ಗ್ರಾಂ ಸಾಕು. ಎಷ್ಟು ಬೇಕೆಂದು ಕೈಯಲ್ಲಿ ಅಳತೆ ತೋರಿಸಿದರೆ ಅವರು ಅಲ್ಲಿಗೇ ಚಾಕು ಇಡುತ್ತಾರೆ. ಆಲೂಗಡ್ಡೆ ಹಚ್ಚಿದ್ದು, ಬರೀ ಟೊಮೆಟೊ ಸವರಿದ್ದು ಒಳ್ಳೆಯವು. ಹ್ಯಾಮ್ ಇರುವ ಪಿಜ್ಜಾಕ್ಕೂ ಅದೇ ಚಾಕು ಆಡುತ್ತದೆ ಎಂಬುದು ನಿಮಗೆ ಗೊತ್ತಿರಲಿ. ಬೇಡವಾದರೆ ಕುಳಿತು ತಿನ್ನುವ ಪಿಜ್ಜೇರಿಯಾಕ್ಕೆ ಹೋಗಿ, ಅಲ್ಲಿ ನಿಮ್ಮದನ್ನೇ ಹೊಸದಾಗಿ ಬೇಯಿಸುತ್ತಾರೆ.

ಪಲ್ಲೆಗಳಲ್ಲಿ "ಚಿಕೋರಿಯಾ ರಿಪಸ್ಸಾತಾ" ಕೇಳಿ: ಸ್ವಲ್ಪ ಕಹಿ ಸೊಪ್ಪನ್ನು ಬಳ್ಳೊಳ್ಳಿ, ಮೆಣಸು, ಎಣ್ಣೆಯಲ್ಲಿ ಬಾಡಿಸಿದ್ದು. ರೊಟ್ಟಿಯ ಜೊತೆಗೂ ಹೊಂದುತ್ತದೆ. ಚಳಿಗಾಲದಿಂದ ವಸಂತದ ತನಕ ಸಿಗುವ "ಕಾರ್ಚೊಫೊ ಅಲ್ಲಾ ಜುದಿಯಾ" ಎಂದರೆ ಇಡೀ ಆರ್ಟಿಚೋಕ್ ಮೊಗ್ಗನ್ನು ಎಣ್ಣೆಯಲ್ಲಿ ಎರಡು ಸಲ ಕರಿದದ್ದು, ಹೊರಗಿನ ಎಸಳು ಹಪ್ಪಳದ ಹಾಗೆ ಗರಿಗರಿ. ಮೋಸ ಹೋಗುವುದು ಕೆಳಗಿನವುಗಳಲ್ಲಿ: ಕರಿದ ಕುಂಬಳ ಜಾತಿಯ ಹೂವಿನೊಳಗೆ ಚೀಸಿನ ಜೊತೆ ಸಣ್ಣ ಮೀನು ಇರುತ್ತದೆ, ಪುಂತಾರೆಲ್ಲೆ ಎಂಬ ಹಸಿ ಸೊಪ್ಪಿನ ಕೋಸಂಬರಿಯಲ್ಲೂ ಅದೇ ಮೀನು ಅರೆದಿರುತ್ತದೆ, ಸುಪ್ಲಿ ಎಂಬ ಅನ್ನದ ಉಂಡೆಯ ಒಳಗೆ ಬಹಳ ಕಡೆ ಖೀಮಾ, ರಿಸೊತ್ತೊವನ್ನು ಬೇಯಿಸುವುದು ಹೆಚ್ಚಾಗಿ ಮಾಂಸದ ರಸದಲ್ಲಿ, ಮಿನೆಸ್ತ್ರೋನೆ ಸಾರಿಗೂ ಹಾಗೆಯೇ. ತಿರಾಮಿಸುವಿನಲ್ಲಿ ಹಸಿ ತತ್ತಿ ಇದೆ. ಐಸ್‌ಕ್ರೀಮಿನ ಅಂಗಡಿಯಲ್ಲಿ ನಿಂಬೆ, ಸ್ಟ್ರಾಬೆರಿಯಂಥ ಹಣ್ಣಿನ "ಸೊರ್ಬೆತ್ತೊ" ತಗೊಳ್ಳಿ, ನೀರಿನಲ್ಲೇ ಮಾಡಿದ್ದು.

ಮಾಣಿಗೆ ಹೇಳಬೇಕಾದ ಮಾತನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: "ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ, ಸೆಂತ್ಸಾ ಉವೊವಾ, ಸೆಂತ್ಸಾ ಬ್ರೋದೊ ದಿ ಕಾರ್ನೆ." ಮಾಂಸ, ಮೀನು, ತತ್ತಿ, ಮಾಂಸದ ರಸ ಯಾವುದೂ ಬೇಡ ಎಂದರ್ಥ. ಬರೀ "ವೆಜಿಟೇರಿಯನ್" ಅಂದರೆ ಮೀನು, ತತ್ತಿಯ ಸಂಗತಿ ಅವರಿಗೆ ಹೊಳೆಯದೇ ಹೋಗಬಹುದು.

ಹೊತ್ತಿನ ತೊಂದರೆ ಒಂದಿದೆ. ಮಧ್ಯಾಹ್ನದ ಊಟ ಎರಡೂವರೆಗೆ ಮುಗಿದರೆ ರಾತ್ರಿಯ ಅಡುಗೆಮನೆ ತೆರೆಯುವುದು ಏಳು, ಏಳೂವರೆಗೆ. ನೀವು ಹಸಿದು ಹೊರಬರುವ ಐದು ಗಂಟೆಗೆ ಒಳ್ಳೆಯ ಊಟದ ಮನೆಗಳೆಲ್ಲ ಮುಚ್ಚಿರುತ್ತವೆ, ಬಾಗಿಲಲ್ಲಿ ನಿಂತು ಕರೆಯುವ ಪ್ರವಾಸಿ ಹೋಟೆಲುಗಳು ಮಾತ್ರ ತೆರೆದಿರುತ್ತವೆ. ಆಗ ಒಂದೊಂದು ಖಡಕ್ ರೊಟ್ಟಿ ತಿಂದು ನೀರು ಕುಡಿಯಿರಿ. ಏಳೂವರೆಗೆ ಹೋಗಿ ಕೂತರೆ ಗದ್ದಲವೂ ಇರುವುದಿಲ್ಲ. ಮೊಸರು ಬೇಕೆಂದರೆ ಸೂಪರ್ ಮಾರ್ಕೆಟಿನಲ್ಲಿ "ಯೋಗುರ್ತ್ ಬಿಯಾಂಕೊ ನಾತುರಾಲೆ" ಎಂದು ಓದಿ ತಗೊಳ್ಳಿ, ಸಕ್ಕರೆ ಇಲ್ಲದ್ದು ಅದೇ. ಟೆರ್ಮಿನಿಯಿಂದ ಹತ್ತು ಹದಿನೈದು ನಿಮಿಷ ನಡೆದರೆ ಪಿಯಾತ್ಸಾ ವಿತ್ತೋರಿಯೊ ಚೌಕದ ಬಳಿ ಎಸ್ಕ್ವಿಲೀನೊ ಮಾರುಕಟ್ಟೆಯಲ್ಲಿ ಹಸಿಮೆಣಸು, ಬೆಂಡೆಕಾಯಿ, ಬೇಳೆ, ಮಸಾಲೆ ಎಲ್ಲ ಸಿಗುತ್ತವೆ. ಭಾನುವಾರ ರಜೆ.

ಪ್ರಶ್ನೆ: ನನ್ನ ಹೆಂಡತಿ ದಿನಾ ರಾತ್ರಿ 9ಕ್ಕೆ ದಿನಕ್ಕೊಮ್ಮೆಯ ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ಅಲ್ಲಿಯ 9ಕ್ಕೆ ತೆಗೆದುಕೊಂಡರೆ ಆಗುವುದೇ?
— ಬದಿಯಡ್ಕದ ಓದುಗರು

ಉತ್ತರ: ಬೇಸಿಗೆಯಲ್ಲಿ ಅಲ್ಲಿಯ ರಾತ್ರಿ 9 ಅಂದರೆ ಇಲ್ಲಿಯ ನಡುರಾತ್ರಿ 12.30. ಅಂದರೆ ಎರಡು ಚುಚ್ಚುಮದ್ದಿನ ನಡುವೆ 24ರ ಬದಲು ಇಪ್ಪತ್ತೇಳೂವರೆ ಗಂಟೆ ಆಗುತ್ತದೆ. ಊರಿನ ಗಡಿಯಾರವನ್ನೇ ಹಿಡಿದರೆ ಅಲ್ಲಿಯ ಸಂಜೆ 5.30ಕ್ಕೆ ತೆಗೆದುಕೊಳ್ಳಬೇಕು. ಎರಡರಲ್ಲಿ ಯಾವುದು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ವಿಮಾನದ ಹೊತ್ತುಗಳನ್ನು ಬರೆದುಕೊಂಡು ಹೋಗಿ, ಮೂರು ದಿನದ ವೇಳಾಪಟ್ಟಿ ಬರೆಸಿಕೊಳ್ಳಿ.

ಇನ್ಸುಲಿನ್ ಕೈಚೀಲದಲ್ಲೇ ಇರಲಿ, ವೈದ್ಯರ ಚೀಟಿಯೊಂದಿಗೆ. ಕೆಳಗಿನ ಸಾಮಾನು ಕೋಣೆಯ ಚಳಿಗೆ ಅದು ಹೆಪ್ಪುಗಟ್ಟಿದರೆ ಕರಗಿದ ಮೇಲೂ ಕೆಲಸಕ್ಕೆ ಬಾರದು. ಊಟಕ್ಕೆ ಮೊದಲು ತೆಗೆದುಕೊಳ್ಳುವ ಬೇರೆ ಇನ್ಸುಲಿನ್ ಇದ್ದರೆ ತಟ್ಟೆ ಮೇಜಿಗೆ ಬಂದ ಮೇಲೆಯೇ ತೆಗೆದುಕೊಳ್ಳಲು ಆಗುವುದೇ ಎಂದೂ ಕೇಳಿಕೊಳ್ಳಿ. ಅಲ್ಲಿ ಆರ್ಡರ್ ಕೊಟ್ಟ ಮೇಲೆ ಅರ್ಧ ಗಂಟೆ ಕಾಯಿಸುವುದು ಸಾಮಾನ್ಯ. ಊರಿನಲ್ಲಿ ಇಲ್ಲದಷ್ಟು ನಡಿಗೆ ಆ ದಿನ ಆಗುವುದರಿಂದ ಸಕ್ಕರೆ ಇಳಿಯಬಹುದು. ಬೆಲ್ಲದ ತುಂಡೋ ಗ್ಲುಕೋಸೋ ಇಬ್ಬರ ಜೇಬಿನಲ್ಲೂ ಇರಬೇಕು. ಹಸಿರು ಶಿಲುಬೆಯ ದೀಪ ಇರುವುದು ಔಷಧಿ ಅಂಗಡಿ. ತುರ್ತಿಗೆ 112.

ಪ್ರಶ್ನೆ: ಕರಿಮಣಿ ಸರ ಹಾಕಿಕೊಂಡು ಹೋಗಬಹುದೇ? ಹಣ ಹೇಗೆ ಒಯ್ಯುವುದು?
— ಕುಂಬಳೆಯ ಓದುಗರು

ಉತ್ತರ: ಹಾಕಿಕೊಳ್ಳಬಹುದು, ಉಡುಪಿನ ಒಳಗೆ. ಸಣ್ಣ, ಹಗುರದ ಸರ ಸಾಕು. ಬಳೆ, ದಪ್ಪ ಚೈನು ಬೇಡ. ಬೆಲೆಬಾಳುವ ಚಿನ್ನವನ್ನು ಒಯ್ಯಲೇಬೇಕಾದರೆ ಹೊರಡುವಾಗ ನಮ್ಮ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿ, ಇಲ್ಲದಿದ್ದರೆ ಮರಳುವಾಗ ಅದು ನಿಮ್ಮದೇ ಎಂದು ತೋರಿಸುವುದು ಕಷ್ಟ.

ರೋಮ್‌ನಲ್ಲಿ ಹೆದರಿಸಿ ಕಸಿಯುವವರಿಗಿಂತ ಗೊತ್ತಾಗದಂತೆ ಜೇಬು ಕತ್ತರಿಸುವವರ ಕಾಟ ಹೆಚ್ಚು. ಟೆರ್ಮಿನಿ, ಮೆಟ್ರೊ ಎ ಲೈನ್, ವ್ಯಾಟಿಕನ್ ಕಡೆಯ 64ನೇ ನಂಬರಿನ ಬಸ್ಸು ಅವರ ಜಾಗಗಳು. ಮೆಟ್ರೊ ಬಾಗಿಲು ಮುಚ್ಚುವ ಕ್ಷಣದಲ್ಲಿ ಹಿಂದಿನಿಂದ ಒತ್ತುತ್ತಾರೆ. ನೀವು ಒಳಗೆ, ಪರ್ಸು ಹೊರಗೆ. ಕೈಗೆ ದಾರ ಕಟ್ಟಲು, ಗುಲಾಬಿ ಕೊಡಲು, ಸಹಿ ಹಾಕಿಸಲು ಬಂದವರಿಗೆ ನಿಲ್ಲದೆ ಮುಂದೆ ನಡೆಯುವುದೇ ಉತ್ತರ. ಬೆನ್ನಿನ ಚೀಲ ಎದೆಗೆ ಬರಲಿ. ಮುಖ್ಯವಾಗಿ ದಂಪತಿಗೆ: ಎರಡೂ ಪಾಸ್‌ಪೋರ್ಟ್, ಎರಡೂ ಕಾರ್ಡ್, ಎಲ್ಲ ಯೂರೊ ಒಬ್ಬರ ಚೀಲದಲ್ಲಿ ಇರಬಾರದು. ಅವರವರ ಪಾಸ್‌ಪೋರ್ಟ್ ಅವರವರ ಬಳಿ, ಇನ್ನೊಬ್ಬರದರ ನಕಲು ಜೊತೆಗೆ. ಪಾಸ್‌ಪೋರ್ಟ್ ಹೋದರೆ ಪೊಲೀಸರಲ್ಲಿ "ದೆನೂಂಚಾ" ಎಂಬ ದೂರು ಬರೆಸಿ, ಆ ಕಾಗದ ಹಿಡಿದು ವಿಯಾ ವೆಂತಿ ಸೆತ್ತೆಂಬ್ರೆಯ 5ನೇ ನಂಬರಿನ ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕು. ವಿಮೆಯವರೂ ಮೊದಲು ಕೇಳುವುದು ಆ ಕಾಗದವನ್ನೇ.

ಯುಪಿಐ ಅಲ್ಲಿ ನಡೆಯದು ಎಂದೇ ತಿಳಿದು ಹೊರಡಿ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿನ, ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡ್, ಜೊತೆಗೆ 200 ಯೂರೊ ನಗದು ಸಾಕು. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶ ಬಳಕೆಯನ್ನು ತೆರೆಯುವಾಗ ಅಂಗಡಿ, ಎಟಿಎಂ, ತಾಗಿಸಿ ಪಾವತಿ ಮೂರಕ್ಕೂ ಬೇರೆ ಬೇರೆ ಗುಂಡಿ ಇರುತ್ತದೆ. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ರೋಮ್‌ನ ಮೆಟ್ರೊ ಗೇಟಿನಲ್ಲೂ ಬಸ್ಸಿನಲ್ಲೂ ಆ ತಾಗಿಸುವ ಕಾರ್ಡೇ ಟಿಕೆಟ್: 1.50 ಯೂರೊಗೆ 100 ನಿಮಿಷ, ಆದರೆ ಒಂದು ಕಾರ್ಡಿನಲ್ಲಿ ಒಬ್ಬರು ಮಾತ್ರ. ಇಬ್ಬರೂ ಅವರವರ ಕಾರ್ಡ್ ತಾಗಿಸಿ. ಅಂಗಡಿಯ ಯಂತ್ರ ರೂಪಾಯಿಯಲ್ಲಿ ಕೊಡುವಿರಾ, ಯೂರೊದಲ್ಲಾ ಎಂದು ಕೇಳಿದರೆ ಯೂರೊ ಒತ್ತಿ. ರೂಪಾಯಿ ಒತ್ತಿದರೆ ಅವರು ಹಾಕಿದ್ದೇ ದರ. ಒಟಿಪಿ ಬರಬೇಕಾದ ಸಿಮ್‌ಗೆ ರೋಮಿಂಗ್ ಅನ್ನು ಊರಿನಲ್ಲೇ ತೆರೆಸಿಡಿ.

ಪ್ರಶ್ನೆ: ಆನ್‌ಲೈನಿನಲ್ಲಿ ಹೋಟೆಲಿಗೆ ಪೂರ್ತಿ ಹಣ ಕಟ್ಟಿದ್ದೇವೆ. ಅಲ್ಲಿ ಮತ್ತೆ ಹಣ ಕೇಳುತ್ತಾರಂತೆ, ನಿಜವೇ?
— ತಾಳವಾಡಿಯ ಓದುಗರು

ಉತ್ತರ: ನಿಜ, ಅದು ಮೋಸವಲ್ಲ. ನಗರಾಡಳಿತದ ವಾಸ್ತವ್ಯ ತೆರಿಗೆ ಅದು. ಮೂರು ನಕ್ಷತ್ರದ ಹೋಟೆಲಾದರೆ ಒಬ್ಬರಿಗೆ ಒಂದು ರಾತ್ರಿಗೆ 6 ಯೂರೊ. ಇಬ್ಬರು, ನಾಲ್ಕು ರಾತ್ರಿ ಎಂದರೆ 48 ಯೂರೊ. ರಸೀದಿ ಕೇಳಿ ಪಡೆಯಿರಿ. ಪಾಸ್‌ಪೋರ್ಟ್ ತೆಗೆದುಕೊಂಡು ಪೊಲೀಸರಿಗೆ ವಿವರ ಕಳಿಸುವುದೂ ಕಾನೂನೇ, ಕೆಲಸ ಮುಗಿದ ಮೇಲೆ ಮರಳಿ ಕೇಳಿ ಪಡೆಯಿರಿ. ಕೋಣೆ ಸಿಗುವುದು ಮಧ್ಯಾಹ್ನ ಎರಡು ಮೂರರ ಮೇಲೆ. ಬೆಳಿಗ್ಗೆಯೇ ತಲುಪಿದರೆ ಪೆಟ್ಟಿಗೆಗಳನ್ನು ಅಲ್ಲಿ ಇಟ್ಟು ಹೊರಗೆ ಹೋಗಬಹುದು. ಅದಕ್ಕಾಗಿ ಹಲ್ಲುಜ್ಜುವ ಸಾಮಾನು, ಒಂದು ಜೊತೆ ಬಟ್ಟೆ, ಮದ್ದು ಕೈಚೀಲದ ಮೇಲ್ಗಡೆಯೇ ಇರಲಿ.

ಪ್ರಶ್ನೆ: ಚಾರ್ಜರ್ ಪಿನ್ನು ಹೊಂದುತ್ತದೆಯೇ? ಶೌಚಾಲಯದಲ್ಲಿ ನೀರು ಇರುತ್ತದೆಯೇ?
— ಆದೋನಿಯ ಓದುಗರು

ಉತ್ತರ: ಕರೆಂಟು 230 ವೋಲ್ಟ್, ನಮ್ಮದೇ. ಫೋನ್ ಚಾರ್ಜರಿನ ಎರಡು ಸಪೂರ ದುಂಡು ಪಿನ್ನು ಹಾಗೇ ಹೋಗುತ್ತವೆ. ಲ್ಯಾಪ್‌ಟಾಪಿನ ಮೂರು ಪಿನ್ನು ಹೋಗದು. ಇಟಲಿಯ ಹಳೆಯ ಗೋಡೆ ಸಾಕೆಟಿನಲ್ಲಿ ಮೂರು ತೂತು ಒಂದೇ ಸಾಲಿನಲ್ಲಿರುತ್ತವೆ. ಯುರೋಪಿನದೆಂದು ಮಾರುವ ದಪ್ಪ ಪಿನ್ನಿನ ಅಡಾಪ್ಟರ್ ಅದಕ್ಕೆ ಹಿಡಿಸದು. ಎರಡೇ ಸಪೂರ ಪಿನ್ನಿನ ಅಡಾಪ್ಟರ್ ಎಲ್ಲಕ್ಕೂ ಆಗುತ್ತದೆ.

ನೀರಿನ ವಿಷಯದಲ್ಲಿ ಇಟಲಿ ಯುರೋಪಿನಲ್ಲೇ ನಮಗೆ ಅನುಕೂಲದ ದೇಶ. ಮನೆಗಳಲ್ಲಿ ಬಿದೆ ಇರಬೇಕೆಂದು 1975ರಲ್ಲೇ ನಿಯಮ ಮಾಡಿದ್ದಾರೆ. ಕಮೋಡಿನ ಪಕ್ಕದಲ್ಲಿ ತಗ್ಗಾದ, ನಲ್ಲಿ ಇರುವ ಪಿಂಗಾಣಿ ಬಟ್ಟಲು ಅದೇ, ತೊಳೆದುಕೊಳ್ಳಲೆಂದೇ ಇರುವುದು. ಹೋಟೆಲ್ ಕೋಣೆಗಳಲ್ಲೂ ಬಹುಪಾಲು ಇರುತ್ತದೆ. ಹೊರಗಿನ ಶೌಚಾಲಯಗಳಲ್ಲಿ ಕಾಗದ ಮಾತ್ರ, ಅಲ್ಲಿಗೆ ಸಣ್ಣ ನೀರಿನ ಬಾಟಲಿ ಹಿಡಿದು ಹೋಗಿ.

ಪ್ರಶ್ನೆ: ಟಿಕೆಟಿನ ಜಾಗ ಬೇಡ ಅಂತೀರಿ. ಹಂಗಾದ್ರ ಮೊದಲ ಸಂಜಿ ಎಲ್ಲಿ ಅಡ್ಡಾಡೂದು? ಮರುದಿನ ನಸುಕಿನ್ಯಾಗ ಎಚ್ಚರಾದ್ರ ಏನ ಮಾಡೂದು?
— ಜತ್ತದ ಓದುಗರು

ಉತ್ತರ: ಟೆರ್ಮಿನಿಯಿಂದ ಮೆಟ್ರೊ ಎ ಲೈನಿನಲ್ಲಿ ಮೂರನೆಯ ನಿಲ್ದಾಣ ಸ್ಪಾನ್ಯಾ. ಹೊರಬಂದರೆ ಎದುರಿಗೇ ಸ್ಪ್ಯಾನಿಶ್ ಮೆಟ್ಟಿಲುಗಳು, 135. ಅವುಗಳ ಮೇಲೆ ಕೂರಬೇಡಿ. 2019ರಿಂದ ನಿಷೇಧ, 400 ಯೂರೊ ತನಕ ದಂಡ. ಅಲ್ಲಿಂದ ಹತ್ತು ನಿಮಿಷ ನಡೆದರೆ ತ್ರೇವಿ ಕಾರಂಜಿ. ಕಟ್ಟಡ 1762ರಲ್ಲಿ ಮುಗಿದದ್ದಾದರೂ ನೀರು ಬರುವ ಕಾಲುವೆ ಕ್ರಿ.ಪೂ. 19ರದ್ದು. ಸಂಜೆ ಜನಜಂಗುಳಿ ಇರುತ್ತದೆ, ಚೀಲದ ಮೇಲೆ ಕೈ ಇರಲಿ. ಇನ್ನು ಹತ್ತು ನಿಮಿಷಕ್ಕೆ ಪ್ಯಾಂಥಿಯನ್. ಒಳಗೆ ಹೋಗಲು 5 ಯೂರೊ, ಕೊನೆಯ ಪ್ರವೇಶ 6.30ಕ್ಕೆ. ತಡವಾದರೆ ಹೊರಗಿನ ಮೊಗಸಾಲೆಯನ್ನೇ ನೋಡಿ: ಸುಮಾರು 12 ಮೀಟರ್ ಎತ್ತರದ 16 ಏಕಶಿಲಾ ಕಂಬ, ಗ್ರಾನೈಟ್ ಈಜಿಪ್ಟಿನಿಂದ ತಂದದ್ದು. ನಮ್ಮ ಗುಡಿಗಳ ಕಂಬ ಕಂಡ ಕಣ್ಣಿಗೆ ಆ ಕೆಲಸದ ಕಷ್ಟ ತಟ್ಟನೆ ತಿಳಿಯುತ್ತದೆ.

ಐದು ನಿಮಿಷ ಪಡುವಣಕ್ಕೆ ಪಿಯಾತ್ಸಾ ನವೋನಾ. ನಡುವಿನ ಕಾರಂಜಿಯನ್ನು ಬೆರ್ನಿನಿ ರೂಪಿಸಿದ್ದು, 1651ರಲ್ಲಿ ಮುಗಿದದ್ದು. ನಾಲ್ಕು ಖಂಡಗಳಿಗೆ ನಾಲ್ಕು ನದಿ: ನೈಲ್, ಡ್ಯಾನ್ಯೂಬ್, ಲಾ ಪ್ಲಾತಾ, ನಾಲ್ಕನೆಯದು ನಮ್ಮ ಗಂಗೆ. ಉದ್ದದ ಹುಟ್ಟು ಹಿಡಿದು ಕುಳಿತ ಗಂಡಸಿನ ವಿಗ್ರಹ ಗಂಗೆಯದು. ಹಡಗು ನಡೆಯುವ ನದಿ ಎಂದು ಕೈಗೆ ಹುಟ್ಟು ಕೊಟ್ಟಿದ್ದಾರೆ. ಸುತ್ತ ಒಂದು ಪ್ರದಕ್ಷಿಣೆ ಬಂದು ಹುಡುಕಿ. ಚೌಕದ ಮೇಲಿನ ಊಟದ ಮನೆಗಳು ದುಬಾರಿ, ಎರಡು ಬೀದಿ ಒಳಗೆ ಹೋಗಿ ಉಣ್ಣಿ. ಒಟ್ಟು ನಡಿಗೆ ಎರಡು ಕಿ.ಮೀ.ಗೆ ಸ್ವಲ್ಪ ಹೆಚ್ಚು. ಮರಳಲು ಲಾರ್ಗೊ ಅರ್ಜೆಂತೀನಾದಿಂದ 40ನೇ ನಂಬರಿನ ಬಸ್ಸು ಟೆರ್ಮಿನಿಗೆ ಬರುತ್ತದೆ, ಟ್ಯಾಕ್ಸಿಗಳೂ ಸಿಗುತ್ತವೆ.

ದಾರಿಯಲ್ಲಿ ನೀರು ಕೊಳ್ಳಬೇಡಿ. ನಸೋನಿ ಎಂಬ ಸೊಂಟದೆತ್ತರದ ಬೀಡು ಕಬ್ಬಿಣದ ನಲ್ಲಿಗಳು ಬೀದಿಬೀದಿಯಲ್ಲಿವೆ, 1874ರಿಂದ ಇರುವ ಏರ್ಪಾಡು. ನೀರು ಸದಾ ಹರಿಯುತ್ತಿರುತ್ತದೆ, ತಣ್ಣಗಿರುತ್ತದೆ, ಕುಡಿಯಲು ಶುದ್ಧ. ಬಾಗಿದ ಕೊಳವೆಯ ಬಾಯಿಗೆ ಬೆರಳು ಒತ್ತಿ ಹಿಡಿದರೆ ಕೊಳವೆಯ ಬೆನ್ನಿನಲ್ಲಿರುವ ಸಣ್ಣ ತೂತಿನಿಂದ ನೀರು ಮೇಲಕ್ಕೆ ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಮೊದಲು ಮೆಲ್ಲಗೆ ಒತ್ತಿ, ಇಲ್ಲದಿದ್ದರೆ ಎದುರಿಗೆ ನಿಂತವರ ಮುಖಕ್ಕೇ ಹಾರುತ್ತದೆ.

ನಸುಕಿನ ನಾಲ್ಕಕ್ಕೆ ಎಚ್ಚರಾಗುವುದು ಸಹಜ, ಊರಿನಲ್ಲಿ ಆಗ ಏಳೂವರೆ. ಫೋನ್ ನೋಡದೆ ಐದೂವರೆ ತನಕ ಕತ್ತಲಲ್ಲಿ ಮಲಗಿರಿ. ಮೆಟ್ರೊ ಐದೂವರೆಗೆ ಶುರು. ಸಂಜೆ ಜನರ ತಲೆಗಳ ನಡುವೆ ಕಂಡ ತ್ರೇವಿಯನ್ನು ಆರು ಗಂಟೆಗೆ ಹೋಗಿ ಇನ್ನೊಮ್ಮೆ ನೋಡಿ, ಫೋಟೊ ಆಗ ತೆಗೆಯಿರಿ. ಆ ಹೊತ್ತಿಗೆ ಕಾಫಿ ಬಾರ್‌ಗಳೂ ತೆರೆದಿರುತ್ತವೆ. ಹಲವು ಕಡೆ ಮೊದಲು ಗಲ್ಲೆಯಲ್ಲಿ ಹಣ ಕಟ್ಟಿ, ಚೀಟಿ ತೋರಿಸಿ ಕಾಫಿ ಪಡೆಯಬೇಕು. ಕಟ್ಟೆಯ ಬಳಿ ನಿಂತೇ ಕುಡಿಯಿರಿ, ಕೂತರೆ ದರ ಎರಡು ಪಟ್ಟು ಆಗಬಹುದು. "ಕಫೆ" ಎಂದರೆ ಗುಟುಕಿನಷ್ಟು ಕಡು ಡಿಕಾಕ್ಷನ್, "ಲಾತ್ತೆ" ಎಂದರೆ ಬರೀ ಹಾಲು ಕೊಡುತ್ತಾರೆ. ನಮ್ಮ ಕಾಫಿಗೆ ಹತ್ತಿರದ್ದು ಬೇಕೆಂದರೆ "ಕಫೆಲಾತ್ತೆ". ಎರಡನೆಯ ದಿನ ಭಾನುವಾರ ಬಂದರೆ ವ್ಯಾಟಿಕನ್ ಮ್ಯೂಸಿಯಂ ಇಟ್ಟುಕೊಳ್ಳಬೇಡಿ. ತಿಂಗಳ ಕೊನೆಯ ಭಾನುವಾರ ಬಿಟ್ಟು ಉಳಿದ ಭಾನುವಾರ ಅದು ಮುಚ್ಚಿರುತ್ತದೆ.